ಪ್ರತಿಧ್ವನಿಗೊಂದು ಪ್ರತ್ಯೇಕ ದಾರಿ

ಗಿಟಾರ್ ಕಲಿಯುವ ಹುಡುಗನಿರುವ ಮನೆಯಲ್ಲಿ ಚಿಕ್ಕದೊಂದು ಆಂಪ್ಲಿಫೈಯರ್ ಇದ್ದೇ ಇರುತ್ತದೆ. ಅದರ ಒಡಲಲ್ಲಿ ಎರಡು ಹಂತಗಳು: ಮೊದಲನೆಯದು ತಂತಿಯ ಕ್ಷೀಣನಾದವನ್ನು ಬಲಪಡಿಸಿ ಅದರ ಬಣ್ಣವನ್ನು ತಿದ್ದುತ್ತದೆ, ಎರಡನೆಯದು ಸ್ಪೀಕರನ್ನು ನುಡಿಸುವ ಶಕ್ತಿಯನ್ನು ಕೊಡುತ್ತದೆ. ಪ್ರತಿಧ್ವನಿಯ ಪೆಟ್ಟಿಗೆಯನ್ನು ಗಿಟಾರಿನ ಬಳಿಯೇ ಜೋಡಿಸಿದರೆ, ಮೊದಲ ಹಂತದ ಒರಟುತನದಲ್ಲಿ ಮರುದನಿಗಳೆಲ್ಲ ಕಲಸಿಹೋಗುತ್ತವೆ. ಎರಡು ಹಂತಗಳ ನಡುವಣ ದಾರಿಯನ್ನು ಕಡಿದು, ಹೋಗಲೊಂದು ಬರಲೊಂದು ಜ್ಯಾಕ್ ಕೂಡಿಸಿ, ಪೆಟ್ಟಿಗೆಯನ್ನು ಅಲ್ಲಿ ಸೇರಿಸಿದರೆ ದನಿ ತಿಳಿಯಾಗುತ್ತದೆ. ಇದಕ್ಕೆ ‘ಎಫೆಕ್ಟ್ಸ್ ಲೂಪ್’ ಎಂದು ಹೆಸರು.

ಬ್ಯಾಟರಿಯ ಪುಟ್ಟ ಯಂತ್ರವಾದರೆ ಹುಡುಗ ತಾನೇ ಬಿಚ್ಚಲಿ, ತಡೆಯಬೇಡಿ. ವಾಲ್ವಿನ ಯಂತ್ರದ ಮಾತು ಬೇರೆ. ಅದರೊಳಗಿನ ಒತ್ತಡ 300 ವೋಲ್ಟಿನ ಆಸುಪಾಸು; ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿದ್ದು ಪ್ರಾಣಕ್ಕೇ ಎರವಾಗಬಹುದು. ಬಲ್ಲವರಿಗೆ ಒಪ್ಪಿಸುವುದೇ ಲೇಸು.

ಕುಮಟೆಯಂಥ ಕಡಲೂರಿನಲ್ಲಿ ಇನ್ನೊಂದು ತೊಡಕುಂಟು. ಪೆಟ್ಟಿಗೆ ಜೋಡಿಸದಿದ್ದಾಗ ನಾದವು ಜ್ಯಾಕಿನೊಳಗಿನ ತೆಳ್ಳನೆಯ ಲೋಹದ ಪಟ್ಟಿಯ ಮೂಲಕವೇ ಸಾಗಬೇಕು. ಉಪ್ಪುಗಾಳಿಯೂ ಮಳೆಗಾಲದ ತೇವವೂ ಸೇರಿ ಅದಕ್ಕೆ ಕಿಲುಬು ಹಿಡಿದರೆ ದನಿ ಬಿಟ್ಟುಬಿಟ್ಟು ಬರುತ್ತದೆ, ಇಲ್ಲವೆ ನಿಂತೇಹೋಗುತ್ತದೆ. ಯಂತ್ರವೇ ಸತ್ತಿತೆಂದು ಮನೆಯವರು ಹೊಸದಕ್ಕೆ ಹಣ ತೆರುವ ಮುನ್ನ, ಎರಡೂ ಜ್ಯಾಕುಗಳಿಗೆ ಗಿಡ್ಡ ಕೇಬಲ್ಲೊಂದನ್ನು ಸಿಕ್ಕಿಸಿ ನೋಡಬೇಕು. ದನಿ ಮರಳಿದರೆ ರೋಗ ಪಟ್ಟಿಯದೇ, ಅದನ್ನು ಶುಚಿಗೊಳಿಸಿದರಾಯಿತು.

ಅಂದಹಾಗೆ, ಚಿಕ್ಕ ಆಂಪ್ಲಿಫೈಯರುಗಳಲ್ಲಿ ಹಲವಕ್ಕೆ ಒರಟುತನ ಹುಟ್ಟುವುದು ಎರಡನೆಯ ಹಂತದಲ್ಲಿ. ಅವಕ್ಕೆ ಈ ಲೂಪಿನಿಂದ ಹೆಚ್ಚಿನ ಲಾಭವಿಲ್ಲ. ಮಾಸ್ಟರ್ ವಾಲ್ಯೂಮನ್ನು ತಗ್ಗಿಸಿದಾಗಲೂ ಒರಟುತನ ಉಳಿಯುವುದೇ ಎಂದು ಕೇಳಿ ನೋಡಿ, ಆಮೇಲೆ ತೂತು ಕೊರೆಯಬಹುದು.