ಮೆಗಾಪಿಕ್ಸೆಲ್ ಎಂಬ ಮಾಯಾಂಗನೆ!

“20 ಮೆಗಾಪಿಕ್ಸೆಲ್ಲು ಸಾರ್! 40 ಎಕ್ಸ್ ಝೂಮು ಸಾರ್! ಇಲ್ಲಿ ನಿಂತು ಒತ್ತಿದ್ರೆ ಚಾಮುಂಡಿಬೆಟ್ಟದ ಮಹಿಷಾಸುರನ ಮೀಸೆ ಕಾಣ್ಸುತ್ತೆ!”

ಅಂಗಡಿಯವನು ಹೀಗೆ ಡೈಲಾಗ್ ಹೊಡೆದದ್ದೇ ತಡ, ನಾನು ಫ್ಲಾಟ್! ಪಿಯುಸಿಗೆ ಅರ್ಧದಲ್ಲೇ ಕೈಮುಗಿದು, ಸಿನಿಮಾ ಸುದ್ದಿ ಬರೆದು ಕಾಸಿಗೆ ಕಾಸು ಕೂಡಿಟ್ಟವನು ನಾನು. 18 ಸಾವಿರ ಎಣಿಸಿ ಕೊಟ್ಟು, ಕ್ಯಾಮೆರಾ ಕೊರಳಿಗೆ ನೇತು ಹಾಕಿಕೊಂಡು, ಹೀರೋ ಥರ ಬಸ್ಸು ಹತ್ತಿದೆ. ಇದು 2019ರ ಮಾತು.

ಆ ಹೀರೋ ಝೀರೋ ಆದದ್ದು 2022ರಲ್ಲಿ...

ನಮ್ಮೂರ ಟಾಕೀಸಿಗೆ ಬೀಗ ಬೀಳುವ ದಿನ. ಕೊನೆಯ ಆಟ. ಪ್ರೊಜೆಕ್ಟರ್ ರೂಮಿನಲ್ಲಿ ಆಪರೇಟರ್ ಮಾಮ. ಕಾರ್ಬನ್ ಕಡ್ಡಿ ಉರಿಸಿ ರೀಲು ಓಡಿಸಿದ ಕಾಲದಿಂದ ಡಿಜಿಟಲ್ ಪೆಟ್ಟಿಗೆ ಬಂದ ಕಾಲದವರೆಗೂ ಅದೇ ರೂಮು, ಅದೇ ಸ್ಟೂಲು. ನಾನು ಹುಡುಗನಾಗಿದ್ದಾಗ, ಟಿಕೆಟ್ಟಿಗೆ ಕಾಸಿಲ್ಲದ ದಿನ ಕಿಂಡಿ ಪಕ್ಕ ನಿಲ್ಲಿಸಿಕೊಂಡು ಸಿನಿಮಾ ತೋರಿಸಿದ ಪುಣ್ಯಾತ್ಮ ಅವರು.

“ಲೋ ಮರಿ, ಊರೋರ ಫೋಟೋ ಎಲ್ಲಾ ತೆಗೀತೀಯ. ಹಳೇ ಮೆಷಿನ್ ಜೊತೆ ನಂದೊಂದು ತೆಗಿಯೋ” ಅಂದರು.

ಒತ್ತಿದೆ. ಫ್ಲ್ಯಾಷ್ ಹೊಡೆದರೆ ಮಾಮನ ಮುಖ ಸುಣ್ಣ ಬಳಿದ ಗೋಡೆ. ಹಿಂದಿದ್ದ ಮೆಷಿನ್ ಕತ್ತಲಲ್ಲಿ ಮಾಯ! ಫ್ಲ್ಯಾಷ್ ಆರಿಸಿದರೆ ಮುಖವೆಲ್ಲ ಕಲಸಿದ ರಾಗಿ ಅಂಬಲಿ. ಇಪ್ಪತ್ತು ಸಲ ತೆಗೆದೆ. ಒಂದೂ ನಿಲ್ಲಲಿಲ್ಲ.

ನಾಲ್ಕು ತಿಂಗಳಿಗೆ ಮಾಮ ಹೋಗಿಬಿಟ್ಟರು. “ಅವತ್ತು ತೆಗ್ದಿದ್ಯಲ್ಲ ಮರಿ, ಆ ಫೋಟೋ ಕೊಡಪ್ಪ, ಕಟ್ಟು ಹಾಕಿಸ್ಬೇಕು” ಅಂತ ಅತ್ತೆ ಕೇಳಿದರು. ಏನು ಕೊಡಲಿ? ಕೊನೆಗೆ ವೋಟರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು.

ಆಮೇಲೆ ಶೂಟಿಂಗ್ ನೋಡಲು ಹೋದಲ್ಲೆಲ್ಲ ಕ್ಯಾಮೆರಾ ಅಸಿಸ್ಟೆಂಟುಗಳಿಗೆ ಟೀ ಕುಡಿಸಿ ಪಾಠ ಕಲಿತೆ. ನೀವು ಟೀ ಖರ್ಚಿಲ್ಲದೆ ಕಲಿಯಿರಿ!

ಚುಕ್ಕೆ ಲೆಕ್ಕದ ಚಮಕ್

ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕೆ, ಅಷ್ಟೇ. ಥಿಯೇಟರಿನ 2ಕೆ ಡಿಜಿಟಲ್ ಪ್ರೊಜೆಕ್ಟರಿನ ಲೆಕ್ಕ 2048 ಗುಣಿಸು 1080. ಅಂದರೆ ಸುಮಾರು 22 ಲಕ್ಷ ಚುಕ್ಕೆ! ನಿಮ್ಮ ಅಚ್ಚುಮೆಚ್ಚಿನ ಹೀರೋ ಪರದೆ ತುಂಬಾ ನಿಂತು ಶಿಳ್ಳೆ ಹೊಡೆಸಿಕೊಳ್ಳುವುದು ಇಷ್ಟರಲ್ಲೇ. 4ಕೆ ಆದರೂ 88 ಲಕ್ಷ. ಮನೆ ಗೋಡೆಗೆ ನೇತುಹಾಕುವ ಫೋಟೋಗೆ 2 ಕೋಟಿ ಚುಕ್ಕೆ ಇದೆಯಾ ಅಂತ ಕೇಳುವುದು ದಂಡ.

ಹಾಗಾದರೆ ಕೇಳಬೇಕಾದದ್ದೇನು? ಬೆಳಕು ಸ್ವಾಮಿ, ಬೆಳಕು!

ಬೆಳಕನ್ನು ಹಿಡಿಯುವ ಹಲಗೆಯೇ ಸೆನ್ಸರ್. ನಾನು ಕೊಂಡ ಕ್ಯಾಮೆರಾದ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಹೆಸರುಬೇಳೆಗಿಂತ ಸ್ವಲ್ಪ ದೊಡ್ಡದು! ‘1 ಇಂಚು’ ಅಂತ ಕರೆಯುವ ಸೆನ್ಸರ್ ನಿಜದಲ್ಲಿ 13.2 ಗುಣಿಸು 8.8. ಹೆಸರಿಗಷ್ಟೇ ಇಂಚು, ಆದರೂ ನನ್ನದಕ್ಕಿಂತ 4 ಪಟ್ಟು ವಿಸ್ತಾರ. ಎಪಿಎಸ್-ಸಿ ಎನ್ನುವುದು ಸುಮಾರು 13 ಪಟ್ಟು.

ಎರಡನೆಯದು ಲೆನ್ಸಿನ ಕಿಟಕಿ. ಲೆನ್ಸಿನ ಸುತ್ತ ಎಫ್ 1.8, ಎಫ್ 5.6 ಅಂತ ಬರೆದಿರುತ್ತೆ. ನಂಬರ್ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು. ಎಫ್ 2.8ರಲ್ಲಿ ಬರುವ ಬೆಳಕು ಎಫ್ 5.6ರ 4 ಪಟ್ಟು. ಝೂಮ್ ಎಳೆದಷ್ಟೂ ಸಾಮಾನ್ಯವಾಗಿ ಈ ಕಿಟಕಿ ಮುಚ್ಚುತ್ತಾ ಹೋಗುತ್ತೆ. ಸೋನಿಯ ಆರ್‌ಎಕ್ಸ್100 ಅಂತ 2012ರಲ್ಲಿ ಬಂದ ಜೇಬು ಕ್ಯಾಮೆರಾ ನೋಡಿ: 1 ಇಂಚಿನ ಸೆನ್ಸರ್, ಝೂಮ್ ಮಾಡದಿದ್ದರೆ ಎಫ್ 1.8, ಪೂರ್ತಿ ಎಳೆದರೆ ಎಫ್ 4.9. ಅದಕ್ಕೇ ಮಂದ ಬೆಳಕಲ್ಲಿ ಝೂಮ್ ಬೇಡ. ಎರಡು ಹೆಜ್ಜೆ ಮುಂದೆ ಹೋಗಿ!

‘ಕೈ ನಡುಗಿದ್ರೂ ಚಿಂತೆ ಇಲ್ಲ, ಸ್ಟೆಬಿಲೈಸರ್ ಇದೆ’ ಅಂತಾರೆ. ನಿಮ್ಮ ಕೈ ನಡುಗಿದರೆ ಸರಿ; ಎದುರಿಗಿರುವವರು ಅಲ್ಲಾಡಿದರೆ ಅದು ಏನೂ ಮಾಡಲಾರದು.

ಮೈಸೂರಿನ ಮಾಂತ್ರಿಕ

ಬೆಳಕಿನ ಮಹಿಮೆ ಗೊತ್ತಾಗಬೇಕಾದರೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆಯಬೇಕು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿ ಹಿಡಿದು ಬಿಸಿಲನ್ನೇ ಸ್ಟುಡಿಯೋದೊಳಗೆ ಕೋಲಿನಂತೆ ಇಳಿಸಿದ ಧೀರ! 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರೇ, ಆ ಗೌರವ ಸಿಕ್ಕ ಮೊದಲ ಛಾಯಾಗ್ರಾಹಕ. ಕನ್ನಡಿಯ ಬೆಲೆ ಎಷ್ಟಿದ್ದೀತು ಹೇಳಿ?

ಕೊಳ್ಳುವ ಮುನ್ನ...

ಬರೀ ಹಗಲು ಹೊತ್ತಿನ ಫೋಟೋ ಸಾಕು ಅನ್ನುವವರಿಗೆ ಕೈಲಿರುವ ಮೊಬೈಲೇ ಸಾಕು, ದುಡ್ಡು ಉಳಿಸಿ. ಕ್ಯಾಮೆರಾ ಬೇಕೇ ಬೇಕು ಅಂದರೆ ಪ್ಯಾಂಟಿನ ಜೇಬಿಗೋ ಹೆಗಲ ಚೀಲಕ್ಕೋ ಹಿಡಿಸುವಂಥದ್ದು ನೋಡಿ. ಬೀರುವಿನಲ್ಲಿ ಮಲಗಿದ ಕ್ಯಾಮೆರಾ ಫೋಟೋ ತೆಗೆಯುವುದಿಲ್ಲ. ಕಾಸು ಕಡಿಮೆಯಿದ್ದರೆ ಸೆಕೆಂಡ್‌ಹ್ಯಾಂಡ್ ಆದರೂ ಸರಿ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ನೋಡಿ. ಬಿಳಿ ಗೋಡೆಯ ಫೋಟೋ ತೆಗೆದು ಕಪ್ಪು ಚುಕ್ಕೆ ಹುಡುಕಿ. ಝೂಮ್ ಹತ್ತು ಸಲ ಎಳೆದು ಬಿಡಿ. ಆ ಮಾಡೆಲ್ಲಿನ ಬ್ಯಾಟರಿ ಈಗಲೂ ಸಿಗುತ್ತಾ ವಿಚಾರಿಸಿ. ಮುಖ್ಯವಾಗಿ, ಅಂಗಡಿಯ ಝಗಮಗ ದೀಪದಡಿ ಪರೀಕ್ಷೆ ಮಾಡಬೇಡಿ. ಮೆಟ್ಟಿಲ ಕೆಳಗಿನ ಮಬ್ಬಿನಲ್ಲಿ ಅಂಗಡಿಯ ಹುಡುಗನನ್ನೇ ನಿಲ್ಲಿಸಿ ಒಂದು ತೆಗೆಯಿರಿ. ಅವನ ಕಣ್ಣು ಕಂಡರೆ ಕ್ಯಾಮೆರಾ ಪಾಸ್!

ನಾನೂ ಹೀಗೇ ಪರೀಕ್ಷೆ ಮಾಡಿ, ಒಬ್ಬರು ಬಳಸಿದ 1 ಇಂಚಿನ ಸೆನ್ಸರಿನ ಕ್ಯಾಮೆರಾ ಕೊಂಡೆ. ಮೊದಲ ದಿನವೇ ಅತ್ತೆಯ ಮನೆಗೆ ಹೋದೆ. ಸಂಜೆ ಹೊತ್ತು, ಒಲೆ ಮುಂದೆ ಕೂತಿದ್ದರು. “ಈ ಕತ್ಲಲ್ಲಿ ಬರುತ್ತೇನೋ ಮರಿ?” ಅಂದರು. ಫ್ಲ್ಯಾಷ್ ಇಲ್ಲದೆ ಒತ್ತಿದೆ. ಬೆಂಕಿಯ ಬೆಳಕಲ್ಲಿ ಅವರ ಮುಖದ ಒಂದೊಂದು ಗೆರೆಯೂ ಬಂತು. ನೋಡಿ ನಕ್ಕರು. ಆಮೇಲೆ ಗೋಡೆಯ ಮೇಲಿದ್ದ ವೋಟರ್ ಕಾರ್ಡಿನ ಫೋಟೋ ಕಡೆ ತಿರುಗಿ ಸುಮ್ಮನಾದರು.

ನಿಮ್ಮ ಮನೆಯಲ್ಲೂ ‘ನಂದೊಂದು ತೆಗಿಯೋ’ ಅನ್ನುವವರು ಇದ್ದಾರಲ್ಲವೇ? ಈ ಭಾನುವಾರವೇ ತೆಗೆದುಬಿಡಿ, ಗೆಳೆಯರೇ!