ಮೇಳಕ್ಕೆ ತಾಲೀಮು ಏಕೆ ಬೇಕು?



ಆದೋನಿ, ಆಲೂರು, ಕೌತಾಳಂ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಭಜನೆ ಮೇಳ ಕೇಳದೆ ಬೆಳೆದವರು ಕಡಿಮೆ. ಒಂದು ಹಾರ್ಮೋನಿಯಂ, ಒಂದು ತಬಲಾ, ನಾಲ್ಕಾರು ಜೊತೆ ತಾಳ, ಮುಂದೆ ಹೇಳುವವರೊಬ್ಬರು, ಹಿಂದೆ ಹೇಳುವವರು ಎಂಟು ಹತ್ತು ಜನ. "ಪದ ಎಲ್ಲರಿಗೂ ಬಾಯಿಪಾಠ ಇದೆ, ಮತ್ತೆ ತಾಲೀಮು ಯಾಕೆ?" ಎಂದು ಅನೇಕರು ಕೇಳುತ್ತಾರೆ.

ಮನೆಯಲ್ಲಿ ಒಬ್ಬರೇ ಕೂತು ಮಾಡುವುದು ಅಭ್ಯಾಸ. ಎಲ್ಲರೂ ಕೂಡಿ ಮಾಡುವುದು ತಾಲೀಮು. ಅಭ್ಯಾಸದಿಂದ ಕೈ, ಕಂಠ ಪಳಗುತ್ತವೆ. ಆದರೆ ಪಕ್ಕದವನ ದನಿಯನ್ನು ಕೇಳುತ್ತಲೇ ತಾನು ಹಾಡುವುದು ತಾಲೀಮಿನಲ್ಲಿ ಮಾತ್ರ ಬರುತ್ತದೆ.

ನಮ್ಮ ಜಿಲ್ಲೆಯ ಚಿಪ್ಪಗಿರಿಯಲ್ಲಿ 1755ರಲ್ಲಿ ದೇಹವಿಟ್ಟ ವಿಜಯದಾಸರು ಸುಳಾದಿಗಳಿಗೆ ಹೆಸರಾದವರು. ಸುಳಾದಿಯಲ್ಲಿ ನುಡಿಯಿಂದ ನುಡಿಗೆ ತಾಳ ಬದಲಾಗುತ್ತದೆ. ಸಾಮಾನ್ಯ ಎಣಿಕೆಯಲ್ಲಿ ಧ್ರುವ ತಾಳಕ್ಕೆ 14 ಅಕ್ಷರ, ಮಟ್ಟಕ್ಕೆ 10, ತ್ರಿಪುಟಕ್ಕೆ 7, ರೂಪಕಕ್ಕೆ 6. ಒಬ್ಬರೇ ಹಾಡಿದರೆ ಬದಲಾವಣೆ ತಮ್ಮ ಕೈಯಲ್ಲೇ ಇರುತ್ತದೆ. ಹತ್ತು ಜನ ಹಾಡುವಾಗ ಒಬ್ಬರು ಹಳೆಯ ತಾಳದಲ್ಲೇ ಉಳಿದರೂ ನುಡಿ ಒಡೆಯುತ್ತದೆ.

ಇನ್ನೊಂದು ಮಾತು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಉತ್ಸವದಲ್ಲಿ ಮೇಳ 34 ಮೀಟರು ಉದ್ದ ಚಾಚಿದರೆ, ಮುಂದಿನ ತಾಳ ಹಿಂದಿನವರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ಹಿಂದಿನವರು ಕೇಳಿದಂತೆ ಬಾರಿಸುತ್ತಾರೆ, ಮುಂದಿನವರು ಅವರಿಗಾಗಿ ಕಾಯುತ್ತಾರೆ, ಲಯ ಜಗ್ಗುತ್ತದೆ. ಆದ್ದರಿಂದ ಬೀದಿಯಲ್ಲಿ ಕಿವಿಗಿಂತ ಕಣ್ಣನ್ನು ನಂಬಬೇಕು, ಮುಂದಾಳಿನ ಕೈ ನೋಡಬೇಕು. ಇದನ್ನೂ ಮೊದಲೇ ರೂಢಿ ಮಾಡಿಕೊಂಡಿರಬೇಕು.

ನಮ್ಮ ಊರಿನ ಮೇಳದ್ದೇ ಒಂದು ಸಂಗತಿ. ಒಂದು ವರ್ಷ ಅರ್ಧ ಜನ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದರು. ಏಕಾದಶಿಯ ದಿನ ಸಂಜೆ ಬಂದವರೇ ನೇರ ಗುಡಿಗೆ ಬಂದು ಕೂತೆವು. ಮೂರನೆಯ ಪದಕ್ಕೇ ತಬಲಾ ಒಂದು ಕಡೆ, ತಾಳ ಒಂದು ಕಡೆ. ನನ್ನ ಕೈಯಲ್ಲಿದ್ದ ತಾಳವೇ ಎಲ್ಲರಿಗಿಂತ ಮುಂದೆ ಓಡಿತ್ತು. ಹಿರಿಯರೊಬ್ಬರು ಪದ ನಿಲ್ಲಿಸಿ, "ತಮ್ಮಾ, ನೀನು ಬಾರಿಸೋದು ಬಿಟ್ಟು ಒಂದು ಪದ ಸುಮ್ಮನೆ ಕೇಳು" ಎಂದರು. ಅಂದಿನಿಂದ ಊರಿಗೆ ಬಂದ ಮೇಲೆ ನಾಲ್ಕು ರಾತ್ರಿಯಾದರೂ ಕೂಡದೆ ನಾವು ಗುಡಿಯಲ್ಲಿ ಹಾಡುವುದಿಲ್ಲ.

ತಾಲೀಮು ಹೇಗೆ ನಡೆಸಬೇಕು? ಮೊದಲು ವಾದ್ಯ ಬದಿಗಿಟ್ಟು, ಕೈತಾಳ ಹಾಕಿ ಪದವನ್ನು ನಿಧಾನವಾಗಿ ಹೇಳಿ. ಹಾರ್ಮೋನಿಯಂನ ಯಾವ ಮನೆ ಷಡ್ಜವೆಂದು ಮೊದಲೇ ಗೊತ್ತು ಮಾಡಿ. ಎಲ್ಲರ ಕಂಠಕ್ಕೂ ಅದು ಎಟುಕಬೇಕು. ಪ್ರತಿ ಸಲ ಆರಂಭದಿಂದ ಹಾಡಬೇಡಿ. ತಪ್ಪುವ ಜಾಗ ಸಾಮಾನ್ಯವಾಗಿ ಎತ್ತುಗಡೆ, ತಾಳ ಬದಲಾಗುವ ಕಡೆ, ಮುಕ್ತಾಯ. ಅಷ್ಟನ್ನೇ ಹತ್ತು ಸಲ ಮಾಡಿ.

ನಮ್ಮ ಹುಡುಗರಲ್ಲಿ ಅನೇಕರು ಶಾಲೆಯಲ್ಲಿ ತೆಲುಗು ಓದಿದವರು. ಕನ್ನಡ ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅರ್ಥ ತಿಳಿಯದಿದ್ದರೆ ಉಸಿರು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು, ಪದ ನಡುವೆ ತುಂಡಾಗುತ್ತದೆ. ತಾಲೀಮಿನಲ್ಲಿ ಹಿರಿಯರು ಒಂದೊಂದು ನುಡಿಯ ಅರ್ಥ ಹೇಳಿದರೆ ಲಯದ ಜೊತೆಗೆ ಭಾಷೆಯೂ ಉಳಿಯುತ್ತದೆ. ವಾರಕ್ಕೆ ಒಂದು ರಾತ್ರಿ, ಒಂದು ತಾಸು ಕೂಡಿರಿ. ಅಷ್ಟಾದರೂ ಸಾಕು.