ಡಬ್ಬಿ ತೆರೆಯುವ ಮೊದಲು ಕಾಲು ನೋಡಿ

ಆಷಾಢದ ವಾರಿ ಹತ್ತಿರವಾದಂತೆ ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ ಎರಡು ಕುದುರೆಗಳು ಆಳಂದಿಯ ದಾರಿ ಹಿಡಿಯುತ್ತವೆ. ಶಿತೋಳೆ ಸರಕಾರ ಮನೆತನದ ಈ ಕುದುರೆಗಳು ಸುಮಾರು 300 ಕಿ.ಮೀ. ನಡೆದು ಆಳಂದಿ ಸೇರುತ್ತವೆ. ಅಲ್ಲಿಂದ ಜ್ಞಾನೇಶ್ವರರ ಪಾಲಕಿಯೊಂದಿಗೆ ಇನ್ನೂ 250 ಕಿ.ಮೀ. ನಡೆದು ಸೊಲ್ಲಾಪುರ ಜಿಲ್ಲೆಯ ಪಂಢರಪುರಕ್ಕೆ ಬರುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯದು, ಅಂದರೆ ಜ್ಞಾನೇಶ್ವರರದು. ಮಾಳಶಿರಸ ತಾಲ್ಲೂಕಿನ ಸದಾಶಿವನಗರ, ಖುಡುಸಗಳಲ್ಲಿ ಭಕ್ತರ ನಡುವೆ ಸುತ್ತು ಓಡುವ ರಿಂಗಣದಲ್ಲಿ ಅವು ಓಡಿದರೆ ಲಕ್ಷಾಂತರ ಜನ ಗೊರಸಿನ ಧೂಳನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ.

ಆ ಗೊರಸಿನ ಮೇಲಿನ ಕೀಲುಗಳ ಬಗ್ಗೆ ಯೋಚಿಸುವವರು ಕಡಿಮೆ. ಅಂಕಲಿಯ ಕುದುರೆಗಳನ್ನು ನೋಡಿಕೊಳ್ಳಲು ಜನರಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆಗಳ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡಿನ ಸದ್ದಿಗೆ ಡಾಂಬರಿನ ಮೇಲೆ ಕುಣಿಯುವ ಕುದುರೆಗೆ ಅಂಥ ಆಸರೆ ಇರುವುದಿಲ್ಲ. ಕುರಿಮಂದೆಯೊಡನೆ ಊರೂರು ಸುತ್ತುವ ಭೀಮಥಡಿ ಕುದುರೆಗೂ ಇಲ್ಲ. ಭೀಮಾ ತೀರದ ಈ ಗಿಡ್ಡ, ಗಟ್ಟಿಮುಟ್ಟಾದ ತಳಿಗೆ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಮಂಡಳಿಯ ಮಾನ್ಯತೆ ಸಿಕ್ಕಿದ್ದೇ ಇತ್ತೀಚೆಗೆ. ಅದೇ ಮಂದೆಯ ಹಿಂದೆ ಉದ್ದ ಕಾಲಿನ ಕಾರವಾನಿ ನಾಯಿ ಓಡುತ್ತದೆ. ನಮ್ಮ ಕಡೆ ಮುಧೋಳ ನಾಯಿ ಎನ್ನುವುದು ಈ ಬಗೆಯನ್ನೇ. ಇವುಗಳ ಜೊತೆಗೆ ಈಗ ಪಟ್ಟಣದ ಮನೆಗಳ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳೂ ಸೇರಿವೆ. ಇವುಗಳಲ್ಲಿ ಯಾವುದಕ್ಕಾದರೂ ಕಾಲು ಹಿಡಿದುಕೊಂಡರೆ ಯಜಮಾನ ಮೊದಲು ಹೋಗುವುದು ಅಂಗಡಿಗೆ: “ಹಿಂದಿನ ಕಾಲ ಎಳೀಲಾಕತ್ತದ, ಸಂದಿಗಿ ಏನರ ಪುಡಿ ಕೊಡ್ರಿ.”

ಹಾಗೆ ಕೈಗೆ ಬರುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಗ್ಲುಕೋಸಮೈನ್, ಕಾಂಡ್ರಾಯಿಟಿನ್, ಎಂಎಸ್‌ಎಂ, ಒಂದಿಷ್ಟು ಅರಿಸಿನದ ಸತ್ವ ಇರುತ್ತವೆ. ಮೊದಲೆರಡು ಕೀಲಿನ ಮೃದ್ವಸ್ಥಿಯಲ್ಲಿ ಸಹಜವಾಗಿಯೇ ಇರುವ ವಸ್ತುಗಳು. ಸವೆದ ವಸ್ತುವನ್ನೇ ತಿನ್ನಿಸಿದರೆ ಸವೆತ ತುಂಬೀತು ಎಂಬ ತರ್ಕ ಮನಸ್ಸಿಗೆ ಹಿಡಿಸುತ್ತದೆ. ದೇಹ ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಿ ಮತ್ತು ಬೆಕ್ಕುಗಳ ಮೇಲೆ ನಡೆದ 72 ಪ್ರಯೋಗಗಳನ್ನು ಒಟ್ಟಿಗೆ ತೂಗಿ 2022ರಲ್ಲಿ ಪ್ರಕಟಿಸಿದ ವಿಮರ್ಶೆ ಈ ಜೋಡಿಯಿಂದ ನೋವು ಕಡಿಮೆಯಾಗುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿತು. ಅದರಲ್ಲಿ ಗಟ್ಟಿಯಾಗಿ ನಿಂತದ್ದು ಮೀನೆಣ್ಣೆಯ ಒಮೆಗಾ–3. ಕುದುರೆಯ ವಿಷಯದಲ್ಲಿ ಡಬ್ಬಿಯ ಭರವಸೆ ಇನ್ನೂ ತೆಳು. ಬಾಯಿಯ ಮೂಲಕ ಕೊಟ್ಟ ಗ್ಲುಕೋಸಮೈನ್‌ನಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಆರರಷ್ಟು ಮಾತ್ರ ಎಂದು 2005ರ ಅಧ್ಯಯನವೊಂದು ಅಳೆದು ತೋರಿಸಿದೆ.

ಮೀನೆಣ್ಣೆ ಎಂದ ಕೂಡಲೇ ಮನೆಯಲ್ಲಿರುವ ಮಾತ್ರೆ ಕೊಟ್ಟರಾಯಿತು ಎಂದುಕೊಳ್ಳಬಾರದು. 1000 ಮಿ.ಗ್ರಾಂ. ಎಂದು ಬರೆದ ಸಾಮಾನ್ಯ ಮಾತ್ರೆಯಲ್ಲಿ ಕೆಲಸಕ್ಕೆ ಬರುವ ಒಮೆಗಾ–3ಗಳಾದ ಇಪಿಎ, ಡಿಎಚ್‌ಎ ಸೇರಿ ಇರುವುದು 300 ಮಿ.ಗ್ರಾಂ. ಮಾತ್ರ, ಉಳಿದದ್ದು ಬರೀ ಕೊಬ್ಬು. ಅಳತೆ ಮೀರಿದರೆ ನಾಯಿಗೆ ಭೇದಿಯಾಗುತ್ತದೆ, ತೂಕ ಏರುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಶಸ್ತ್ರಚಿಕಿತ್ಸೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕಾಡ್ ಲಿವರ್ ಎಣ್ಣೆ ಬೇರೆಯೇ ಪದಾರ್ಥ. ಅದರಲ್ಲಿರುವ ಎ ಮತ್ತು ಡಿ ಜೀವಸತ್ವ ಹೆಚ್ಚಾದರೆ ನಾಯಿಗೆ ವಿಷ. ನಮ್ಮ ಭಾಗದ ಅಡುಗೆಮನೆಯಲ್ಲಿ ಸದಾ ಇರುವ ಅಗಸೆಯಲ್ಲೂ ಒಮೆಗಾ ಇದೆ. ಆದರೆ ನಾಯಿಯ ದೇಹ ಅದನ್ನು ಇಪಿಎಯಾಗಿ ಮಾರ್ಪಡಿಸುವುದು ತೀರಾ ಸ್ವಲ್ಪ. ಅಗಸೆ ಒಪ್ಪುವುದು ಕುದುರೆಗೆ. ಬೆಳ್ಳುಳ್ಳಿ ಕುಟ್ಟಿ ಹಾಕಿದ ಅಗಸೆ ಹಿಂಡಿಯನ್ನಂತೂ ಎರಡಕ್ಕೂ ಕೊಡಬೇಡಿ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ಇವುಗಳ ಕೆಂಪು ರಕ್ತಕಣ ಒಡೆಯುತ್ತವೆ.

ನನ್ನನ್ನು ಹೆಚ್ಚು ಕಾಡುವುದು ಪುಡಿಗೆ ದಂಡವಾಗುವ ದುಡ್ಡಲ್ಲ, ಕಳೆದುಹೋಗುವ ಸಮಯ. ಕುಂಟಿದ್ದೆಲ್ಲ ಮುಪ್ಪಿನ ಸಂದುನೋವಲ್ಲ. ಉಣ್ಣಿ ಕಚ್ಚಿ ಬರುವ ಜ್ವರದಲ್ಲಿ ನಾಯಿಯ ಕೀಲುಗಳು ಬಾತು, ಅದು ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಎಳೆಯಬಹುದು. ರಕ್ತ ಪರೀಕ್ಷೆ ಮಾಡಿಸಿ ಸರಿಯಾದ ಔಷಧ ಕೊಟ್ಟರೆ ವಾಸಿಯಾಗುತ್ತದೆ, ತಿಂಗಳುಗಟ್ಟಲೆ ಪುಡಿ ಹಾಕುತ್ತ ಕುಳಿತರೆ ಸಾಯಲೂಬಹುದು. ಕುದುರೆಗೆ ನಮ್ಮ ಜೋಳದ ಹೊಲವೇ ಮುಳ್ಳಾಗುವುದುಂಟು. ಹಸಿ ಜೋಳದ ಬೆಳೆಯಲ್ಲಿ ವಾರಗಟ್ಟಲೆ ಮೇಯ್ದ ಕುದುರೆಯ ಹಿಂಗಾಲು ತೂರಾಡಿ, ಮೂತ್ರ ಹನಿಹನಿಯಾಗಿ ಸೋರುತ್ತದೆ. ಅದು ನರಕ್ಕೆ ತಗಲಿದ ವಿಷ, ಕೀಲಿಗೂ ಅದಕ್ಕೂ ಸಂಬಂಧವಿಲ್ಲ. ಕಾಳು, ಬೆಲ್ಲ ಅತಿಯಾದರೆ ಗೊರಸಿನ ಒಳಗೆ ಉರಿಯೂತವಾಗಿ ಕುದುರೆ ಮುಂಗಾಲು ಊರಲು ಹೆದರುತ್ತದೆ. ಶಕ್ತಿ ಬರಲಿ ಎಂದು ದಿನವೂ ಗೋಧಿ ಬೂಸಾ ಸುರಿದರೆ ರಂಜಕ ಹೆಚ್ಚಿ, ಎಲುಬಿನ ಸುಣ್ಣ ಕರಗಿ, ಮುಖದ ಎಲುಬು ಊದಿಕೊಂಡು, ಕಾಲು ಕುಂಟಾಗುತ್ತದೆ. ಇಂಥ ಕುದುರೆಗೆ ಬೇಕಾದದ್ದು ಮೇವಿನ ಬದಲಾವಣೆ.

ಈ ಮಣ್ಣಿನಲ್ಲಿ ಹಳೆಯ ಕಾಲದಿಂದ ಬಂದ ಇನ್ನೊಂದು ಚಿಕಿತ್ಸೆ ಬರೆ ಹಾಕುವುದು. ಕಾಯಿಸಿದ ಕಬ್ಬಿಣದಿಂದ ಕೀಲು ಸವೆಯುವುದು ನಿಲ್ಲುವುದಿಲ್ಲ, ನೋವಿನ ಮೇಲೆ ಸುಟ್ಟ ಗಾಯ ಸೇರುತ್ತದೆ. ಅದನ್ನು ಬಿಟ್ಟೇಬಿಡಬೇಕು.

ಇನ್ನು ಮನುಷ್ಯರ ಮಾತ್ರೆಗಳು. ಐಬುಪ್ರೊಫೆನ್, ಡೈಕ್ಲೊಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಹರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪಶುಗಳಿಗೆ ಡೈಕ್ಲೊಫಿನಾಕ್ ಕೊಡುವುದನ್ನು ಭಾರತ 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫಿನಾಕ್ ಕೊಡುವುದನ್ನು 2023ರಲ್ಲಿ ನಿಷೇಧಿಸಿತು. ಇಂಥ ಔಷಧ ಕೊಟ್ಟಿದ್ದ ದನ ಸತ್ತ ಮೇಲೆ ಅದರ ಹೆಣ ತಿಂದ ರಣಹದ್ದುಗಳು ಅಳಿವಿನಂಚಿಗೆ ಬಂದದ್ದು ಇದಕ್ಕೆ ಕಾರಣ. ಮನುಷ್ಯರಿಗೆಂದು ತಯಾರಾದ ಚೀಪುವ ಸಂದುನೋವಿನ ಮಾತ್ರೆಗಳೂ ಅಪಾಯವೇ. ಕೆಲವುಗಳಲ್ಲಿ ಸಿಹಿಗಾಗಿ ಜೈಲಿಟಾಲ್ ಇರುತ್ತದೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೇ ಕುಸಿಸಬಲ್ಲದು, ಯಕೃತ್ತನ್ನೂ ಹಾಳುಮಾಡಬಲ್ಲದು.

ಕೋಳಿಗೆ, ದನಕ್ಕೆ ತಯಾರಿಸಿದ ಪೂರಕ ಆಹಾರವನ್ನು ಕುದುರೆಗೆ ಹಾಕುವುದು ಎಲ್ಲಕ್ಕಿಂತ ಘೋರ. ಅಂಥ ಕೆಲವು ಆಹಾರಗಳಲ್ಲಿರುವ ಮೊನೆನ್ಸಿನ್ ಎಂಬ ವಸ್ತು ಕೋಳಿಗೆ ಹಿತ, ಕುದುರೆಯ ಹೃದಯಕ್ಕೆ ಮಾರಕ, ಅದೂ ತೀರಾ ಸಣ್ಣ ಪ್ರಮಾಣದಲ್ಲಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದನ್ನು ತಾನಾಗಿ ಹೊರಹಾಕುವ ದಾರಿ ಅದಕ್ಕಿಲ್ಲ.

ಹಾಗಾದರೆ ಪೂರಕ ಕೊಡಲೇಬಾರದೇ? ಕೊಡಬಹುದು. ವೈದ್ಯರು ಕಾಲು ನೋಡಿ ಇದು ಸವೆತದ ನೋವೇ ಎಂದು ಹೇಳಿದ ಮೇಲೆ, ಆಯಾ ಪ್ರಾಣಿಗೆಂದೇ ತಯಾರಾದ ಡಬ್ಬಿಯನ್ನು, ಪ್ರಾಣಿಯ ತೂಕಕ್ಕೆ ತಕ್ಕ ಅಳತೆಯಲ್ಲಿ ಕೊಡಿ. ಒಂದು ಸಲಕ್ಕೆ ಒಂದೇ ಹೊಸ ವಸ್ತು, ಮೊದಲು ಸ್ವಲ್ಪವೇ. ಆಗ ಭೇದಿಯಾದರೆ ಯಾವುದರಿಂದ ಎಂದು ಗೊತ್ತಾಗುತ್ತದೆ. ಈಗಾಗಲೇ ನೋವಿನ ಔಷಧ ನಡೆಯುತ್ತಿದ್ದರೆ, ಗಬ್ಬದ ಕುದುರೆಯಾಗಿದ್ದರೆ, ಸಕ್ಕರೆ ಕಾಯಿಲೆಯ ನಾಯಿಯಾಗಿದ್ದರೆ ಅದನ್ನು ವೈದ್ಯರಿಗೆ ಹೇಳದೆ ಏನನ್ನೂ ಶುರುಮಾಡಬೇಡಿ. ಪೂರಕದ ಗುಣ ಕಾಣಲು ವಾರಗಳೇ ಬೇಕು. ಜಾತ್ರೆಯಲ್ಲಿ ಕೊಂಡ ಹೆಸರಿಲ್ಲದ ಪುಡಿ ಎರಡೇ ದಿನದಲ್ಲಿ ಕುಂಟು ನಿಲ್ಲಿಸಿದರೆ ಹಿಗ್ಗಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದೀತೆಂದು ಅನುಮಾನಿಸಿ ವೈದ್ಯರಿಗೆ ತೋರಿಸಿ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಕೆಲಸಕ್ಕೆ ಡಬ್ಬಿಯೇ ಬೇಡ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ಬೆಳೆಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಜೀವನವಿಡೀ ಕಾಲುಭಾಗ ಕಡಿಮೆ ಊಟ ಕೊಟ್ಟರು. 2002ರಲ್ಲಿ ಫಲಿತಾಂಶ ಬಂತು: ಕಡಿಮೆ ಉಂಡವುಗಳ ಮಧ್ಯಮ ಆಯುಸ್ಸು 13 ವರ್ಷ, ಉಳಿದವುಗಳದ್ದು 11.2. ಕೀಲುಬೇನೆಯೂ ತೆಳ್ಳಗಿನ ನಾಯಿಗಳಿಗೆ ತಡವಾಗಿ ಬಂತು. ಇಷ್ಟು ಗಟ್ಟಿಯಾದ ಪುರಾವೆ ಯಾವ ಪುಡಿಗೂ ಇಲ್ಲ. ಮನೆಯವರೆಲ್ಲ ಪ್ರೀತಿಯಿಂದ ಒಂದೊಂದು ತುಪ್ಪದ ರೊಟ್ಟಿ ಚೂರು ಹಾಕುವ ನಾಯಿಯ ಪಕ್ಕೆಲುಬು ಕೈಗೆ ತಾಕದಿದ್ದರೆ ಅದರ ಕೀಲಿನ ಔಷಧ ಅಲ್ಲೇ ಇದೆ.

ಕುದುರೆಯ ವಿಷಯದಲ್ಲಿ ಅದೇ ಮಾತು ಗೊರಸಿಗೆ ಅನ್ವಯಿಸುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಿ ಲಾಳ ಬದಲಿಸದಿದ್ದರೆ ಮೈಭಾರವೆಲ್ಲ ಓರೆಯಾಗಿ ಕೀಲಿನ ಮೇಲೆ ಬೀಳುತ್ತದೆ. ಟಾಂಗಾಗಳು ಹೋದಂತೆ ಲಾಳ ಹೊಡೆಯುವ ನಾಲಬಂದರೂ ಕಡಿಮೆಯಾಗುತ್ತಿದ್ದಾರೆ. ಉಳಿದವರಿಗೆ ಪಶುಸಂಗೋಪನಾ ಇಲಾಖೆ ಸಹಾಯಧನ ಕೊಟ್ಟು, ಹೊಸಬರಿಗೆ ತರಬೇತಿ ನಡೆಸಿದರೆ ಸೊಲ್ಲಾಪುರದ ಕುದುರೆಗಳಿಗೆ ಅದರಷ್ಟು ಉಪಕಾರ ಇನ್ನೊಂದಿಲ್ಲ. ಮದುವೆಯವರಲ್ಲೂ ಒಂದು ವಿನಂತಿ: ಡಾಂಬರಿನ ಮೇಲೆ ಕುದುರೆಯನ್ನು ಕುಣಿಸಬೇಡಿ, ವರ ಕುಳಿತು ನಡೆದುಹೋದರೆ ಸಾಕು.

ನಿಮ್ಮ ಪ್ರಾಣಿ ಈಗ ಕುಂಟುತ್ತಿದ್ದರೆ ಅದು ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ, ಕೊಡುತ್ತಿರುವ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ತಾಲ್ಲೂಕಿನ ಪಶುವೈದ್ಯಕೀಯ ದವಾಖಾನೆಗೆ ಹೋಗಿ. ಹೋಗಲಾಗದಿದ್ದರೆ ಸಂಚಾರಿ ಪಶುಚಿಕಿತ್ಸಾಲಯದ ಉಚಿತ ಸಂಖ್ಯೆ 1962. ಕರ್ನಾಟಕ–ಮಹಾರಾಷ್ಟ್ರ ಗಡಿಯ ಈಚೆಗೂ ಆಚೆಗೂ ಸಂಖ್ಯೆ ಅದೇ.